ಹನ್ನೊಂದು ಬೀಗದಕೈ

ನನ್ನ ಸೊಂಟದಲ್ಲಿ ಹನ್ನೊಂದು ಬೀಗದಕೈ.
ಅಕ್ಕಿ ಖೋಲಿಯದು, ನಕ್ಷೆ ಕಪಾಟಿನದು,
ಹೆಣ್ಣುಮಕ್ಕಳ ಪಾಯಖಾನೆಯದು.
ಎರಡಕ್ಕೆ ಬೀಗವೇ ಇಲ್ಲ, ಆದರೂ ಇವೆ.
ಮಾಜಾಳಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ
ಗಂಟೆ ಹೊಡೆದವನು ನಾನು, ಪುರಸು ಜವಾನ.

ಏಳನೇ ಇಯತ್ತೆಯ ಶೇವಂತಿ ಬಿದ್ದಾಗಲೆಲ್ಲ
ನನ್ನ ಹೆಸರು ಕೇಳಿಬರುತ್ತಿತ್ತು:
ಪುರಸಣ್ಣಾ, ಕಬ್ಬಿಣ! ಪುರಸಣ್ಣಾ, ಕಬ್ಬಿಣ!
ಓಡುತ್ತಿದ್ದೆ, ಝಣಝಣ ಓಡುತ್ತಿದ್ದೆ.
ರಂಪಣಿ ಎಳೆದಂತೆ ಮಕ್ಕಳ ಸುತ್ತು,
ನಡುವೆ ಆ ಹುಡುಗಿ, ಮರಳಿಗೆ ಬಿದ್ದ ಬಂಗಡೆ.
(ಹೀಗೆ ಹೇಳಬಾರದು, ಗೊತ್ತು. ಆಗ ಹಾಗೇ ಕಂಡಿತ್ತು.)
ಮುಷ್ಟಿ ಬಿಡಿಸಿ ಗೊಂಚಲು ತುರುಕುತ್ತಿದ್ದೆ.
ಒಬ್ಬರು ಈರುಳ್ಳಿ ಜಜ್ಜುವರು, ಒಬ್ಬರು ಚಪ್ಪಲಿ ಮೂಸಿಸುವರು,
ಹೆಡ್‌ಮಾಸ್ತರರು ಚಮಚ ಎಲ್ಲಿ ಎನ್ನುವರು.
ಅವಳು ಏಳುವಳು. ಕಬ್ಬಿಣ ಗೆದ್ದಿತು ಅನ್ನುವೆವು.
ಗಂಟೆ ಹೊಡೆಯದಿದ್ದರೂ ಹನ್ನೆರಡಾಗುತ್ತದೆ;
ಹೊಡೆಯುವವನಿಗೇ ಅದು ಹೊಳೆದಿರಲಿಲ್ಲ.

ಭರ್ತಿ ಫಾರ್ಮಿನಲ್ಲಿ ‘ಕಾಯಿಲೆ’ ಎಂದಿದ್ದ ಕಡೆ
ಅವಳ ಆಯಿ ‘ಇಲ್ಲ’ ಎಂದು ಬರೆಸಿದ್ದಳು.
ಬರೆದವನು ನಾನೇ. ಅವಳಿಗೆ ಸಹಿ ಮಾತ್ರ ಬರುತ್ತಿತ್ತು.
ಮೀನಿನ ಬುಟ್ಟಿ ಕೆಳಗಿಳಿಸದೆ ಹೇಳಿದ್ದಳು:
ಬರೆದರೆ ನಾಳೆ ಯಾರು ಕೇಳಿಕೊಂಡು ಬರ್ತಾರೆ, ಅಣ್ಣಾ?
ನಾಳೆ ಎಂದರೆ ಮದುವೆ. ಹುಡುಗಿಗೆ ಆಗ ಆರು ವರ್ಷ.

ದೇವಗಡದ ದೀಪಸ್ತಂಭಕ್ಕೆ ಪ್ರವಾಸ ಹೊರಟಾಗ
ಯಾದಿಯಲ್ಲಿ ಅವಳ ಹೆಸರಿನ ಮೇಲೆ ಗೀಟು.
ದೋಣಿ, ನೀರು, ಜವಾಬ್ದಾರಿ ಯಾರದು ಎಂದರು. ಖರೆ.
ಆಯಿ ಪೇಟೆಯಿಂದ ಬರುವತನಕ
ಶಾಲೆಯ ಮೆಟ್ಟಿಲಲ್ಲಿ ನಾವಿಬ್ಬರೂ ಹುಣಸೆಬೀಜ ಆಡಿದೆವು.
ಕತ್ತಲಾಗುವಾಗ ದೂರದಲ್ಲಿ ಆ ದೀಪ
ಹತ್ತಿತು, ಆರಿತು, ಹತ್ತಿತು.
‘ಆರಿದ್ದು ಅದಕ್ಕೆ ಗೊತ್ತಾಗ್ತದಾ, ಅಣ್ಣಾ?’
ನಾನು ಬೀಜ ಎಣಿಸುವವನಂತೆ ಸುಮ್ಮನಿದ್ದೆ.

ಆಮೇಲೆ ಅಂಗೈ ಚಾಚಿದಳು.
ನಿನ್ನೆಯದು, ನೀಲಿಗಟ್ಟಿದ ಹಲ್ಲುಗಳ ಸಾಲು.
‘ಇದು ಯಾವ ಖೋಲಿಯದು?’
ಬೆಳಕಿಗೆ ಹಿಡಿದು ನೋಡಿದೆ. ನನ್ನ ಕಸುಬಲ್ಲವೇ.
‘ನಕ್ಷೆ ಕಪಾಟಿಂದು.’
‘ಮತ್ತೆ ಕಪಾಟು ತೆಗೆಯೋದು ಬಿಟ್ಟು ನನ್ನ ಕೈಯಲ್ಲಿ ಯಾಕೆ?’
ನಕ್ಕಳು. ನನಗೆ ನಗು ಬರಲಿಲ್ಲ.

ಸದಾಶಿವಗಡದ ದವಾಖಾನೆಗೆ ಹೋಗಿ
ಮಂಡಿನೋವೆಂದು ಸುಳ್ಳು ಹೇಳಿ ಸಾಲಿನಲ್ಲಿ ನಿಂತೆ.
ನರ್ಸ್ ಪಾಸ್ಕೋಲಿನ್ ಮಾತ್ರೆ ಎಣಿಸುತ್ತಲೇ ಹೇಳಿದಳು:
ಮಗ್ಗುಲಿಗೆ ಹೊರಳಿಸು. ಬಾಯೊಳಗೆ ಏನೂ ಬೇಡ. ಅದುಮಿ ಹಿಡಿಯಬೇಡ.
ತಲೆಯಡಿ ಮೆತ್ತಗೇನಾದರೂ. ಗಡಿಯಾರ ನೋಡು,
ಐದು ನಿಮಿಷ ದಾಟಿದರೆ ಗಾಡಿ ಕರೆಸು.
ಅಷ್ಟೇನಾ? ಅಷ್ಟೇ. ಹತ್ತಿರ ಇರು.
ಮಂಡಿಗೂ ಎರಡು ಮಾತ್ರೆ ಕೊಟ್ಟಳು. ತಗೊಂಡೆ.

ಶ್ರಾವಣದ ಒಂದು ಮಧ್ಯಾಹ್ನ ಮತ್ತೆ ಕೂಗು.
ಓಡಿದೆ. ಗೊಂಚಲು ಸೊಂಟದಲ್ಲೇ ಉಳಿಯಿತು.
ಬರಿಗೈ ಎಷ್ಟು ಭಾರವೆಂದು ಅಂದು ತಿಳಿಯಿತು.
ಟೊಪ್ಪಿಗೆ ಮಡಚಿ ಅವಳ ತಲೆಯಡಿ ಇಟ್ಟೆ.
ಕಬ್ಬಿಣ, ಕಬ್ಬಿಣ, ಎನ್ನುತ್ತಲೇ ಇದ್ದರು ಅಕ್ಕೋರು, ಅಳುತ್ತ.
ನಾನು ಗೋಡೆ ನೋಡಿದೆ. ನಮ್ಮ ಗಡಿಯಾರ ಹತ್ತು ನಿಮಿಷ ಹಿಂದೆ;
ಹಿಂದಿದ್ದರೂ ನಿಮಿಷ ನಿಮಿಷವೇ.
ಒಂದು. ಒಂದೂವರೆ. ಎರಡಕ್ಕೆ ತುಸು ಕಡಿಮೆ.
ಜೊಲ್ಲು ಒರೆಸಿದವನು ಕೊನೆ ಬೆಂಚಿನ ಇಲಿಯಾಸ,
ತನ್ನದೇ ಕರವಸ್ತ್ರದಲ್ಲಿ.
ಅವನಿಗೆ ಯಾರೂ ಹೇಳಿರಲಿಲ್ಲ.

ಎಲ್ಲ ಸರಿಹೋಯಿತೆಂದು ಬರೆಯಲಾರೆ.
ಅವಳ ಬೆಂಚಿನ ಇನ್ನೊಂದು ತುದಿ ಆ ವರ್ಷವಿಡೀ ಖಾಲಿ.
ಹೆಡ್‌ಮಾಸ್ತರರು ಒಳಗೆ ಕರೆದು,
ಕಬ್ಬಿಣ ಕೊಡದೆ ಏನಾದರೂ ಆಗಿದ್ದರೆ? ಎಂದರು.
ಫಾರ್ಮಿನ ‘ಇಲ್ಲ’ ಇನ್ನೂ ‘ಇಲ್ಲ’ವೇ, ನನ್ನದೇ ಅಕ್ಷರದಲ್ಲಿ.

ಅಂದು ಕಣ್ಣು ತೆರೆದವಳು
ಮೊದಲು ಅಂಗೈ ನೋಡಿಕೊಂಡಳು,
ತಿರುಗಿಸಿ ಮತ್ತೊಮ್ಮೆ. ಏನೂ ಇರಲಿಲ್ಲ.
ಸ್ವಲ್ಪ ಹೊತ್ತು ಹಾಗೇ ಮಲಗಿದ್ದು
ಕಪ್ಪು ಹಲಗೆಯ ಕಡೆ ಹೊರಳಿ ಕೇಳಿದಳು:
ಎಷ್ಟನೇ ಲೆಕ್ಕದವರೆಗೆ ಬಂದಿರಿ?